ಎಲ್ಲವೂ ಗ್ಯಾಸ್ ಅಲ್ಲ

ಆ ಮನೆಯಲ್ಲಿ ಹೊಟ್ಟೆಯ ಮಾತಿಲ್ಲದೆ ಬೆಳಗಾಗುತ್ತಿರಲಿಲ್ಲ. ಅತ್ತೆ ಹಾಸಿಗೆಯಿಂದ ಏಳುವ ಮೊದಲೇ ಒಂದು ದೊಡ್ಡ ತೇಗು ಕೇಳಿಸುತ್ತಿತ್ತು. ಹಿಂದೆಯೇ "ಅಯ್ಯೋ, ಹೊಟ್ಟೆ ಕಲ್ಲಾಗಿದೆ" ಅನ್ನುವ ನರಳಾಟ. ಆಮೇಲೆ ಲೋಟದಲ್ಲಿ ಚಮಚ ಆಡುವ ಸದ್ದು. ನೀರಿಗೆ ಬಿದ್ದ ಬಿಳಿ ಪುಡಿ ಬುಸುಬುಸು ನೊರೆಯೆದ್ದ ಕೂಡಲೇ ಅತ್ತೆ ಅದನ್ನು ಗಟಗಟ ಕುಡಿದು, ಇನ್ನೊಂದು ತೇಗು ತೇಗಿ, "ಹಾಂ, ಈಗ ಜೀವ ಬಂತು" ಅನ್ನುತ್ತಿದ್ದರು.

ಸೊಸೆಗೆ ಇದೆಲ್ಲ ರೂಢಿಯಾಗಿ ಹೋಗಿತ್ತು. ಅವಳು ಮುಂದಿನ ಕೋಣೆಯ ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ಮನೆಯ ಹಿಂದೆ ತಗಡಿನ ಶೆಡ್ಡು. ಅವಳ ಗಂಡ ಬಡಗಿ. ಅಲ್ಲೇ ಅವನ ಕೆಲಸ. ಗರಗಸದ ಯಂತ್ರ ಮರಕ್ಕೆ ತಾಗಿದಾಗ ಅದರ ದನಿ ತಗ್ಗುತ್ತಿತ್ತು, ಮರ ದಾಟಿದ ಮೇಲೆ ಮತ್ತೆ ಏರುತ್ತಿತ್ತು. ಆ ಏರಿಳಿತ ಕೇಳುತ್ತಲೇ ಅವಳು ಗಂಡ ಈಗ ಏನು ಮಾಡುತ್ತಿದ್ದಾನೆ ಎಂದು ಕೂತಲ್ಲಿಂದಲೇ ಹೇಳಬಲ್ಲವಳಾಗಿದ್ದಳು.

ಆ ಸಲ ಶಾಲೆಯೊಂದರ ಬೆಂಚು, ಡೆಸ್ಕುಗಳ ಕೆಲಸ ಬಂದಿತ್ತು. ರಜೆ ಮುಗಿಯುವುದರೊಳಗೆ ಕೊಡಬೇಕು. ಬಡಗಿ ದಿನವಿಡೀ ಕುಕ್ಕರಗಾಲಲ್ಲಿ ಕೂತು ಬೆಂಚಿನ ಕಾಲುಗಳಿಗೆ ಗೂಟ ಬಡಿಯುತ್ತಿದ್ದ. ಏಳುವಾಗ ಮಂಡಿ ಲಟಲಟ ಅನ್ನುತ್ತಿತ್ತು. ಪಾಲಿಶ್ ಹಚ್ಚುವ ಹಿರಿಯ, ಎಲ್ಲರೂ ಪಾಲಿಶ್ ಮಾವ ಅನ್ನುತ್ತಿದ್ದವನು, ತನ್ನ ಜೇಬಿನಿಂದಲೇ ಒಂದು ಮಾತ್ರೆ ತೆಗೆದುಕೊಟ್ಟಿದ್ದ. "ತಗೋ, ನಾನೂ ಇದೇ ನುಂಗೋದು. ನೋವು ಹೇಳ ಹೆಸರಿಲ್ಲದ ಹಾಗೆ ಹೋಗುತ್ತೆ." ನಿಜಕ್ಕೂ ಹೋಯಿತು. ಮಾರನೇ ದಿನ ಬಡಗಿ ತಾನೇ ಅಂಗಡಿಗೆ ಹೋಗಿ ಅದೇ ಮಾತ್ರೆಯ ಪಟ್ಟಿ ತಂದ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಟೀ ಜೊತೆ ಒಂದು. ಮಧ್ಯಾಹ್ನ ನೋವು ಮರುಕಳಿಸಿದರೆ ಇನ್ನೊಂದು.

ಹೀಗೆ ಕೆಲವು ವಾರ ಕಳೆಯಿತು. ಸೊಸೆ ಗಮನಿಸಿದ ಮೊದಲ ಸಂಗತಿ ಅಂದರೆ ಅವನ ತಟ್ಟೆ. ಬಡಿಸಿದ್ದನ್ನು ಒರೆಸಿಟ್ಟ ಹಾಗೆ ಉಣ್ಣುತ್ತಿದ್ದವನು ಈಗ ನಾಲ್ಕು ತುತ್ತಿಗೇ ಕೈ ತೊಳೆಯುತ್ತಿದ್ದ.

"ಯಾಕ್ರೀ, ಉಪ್ಪು ಹೆಚ್ಚಾಯ್ತಾ?"

"ಇಲ್ಲ ಕಣೇ. ಯಾಕೋ ಹೊಟ್ಟೆ ಉರಿ. ಗ್ಯಾಸ್ ಅಷ್ಟೇ."

"ನನ್ನ ಪುಡಿ ತಗೋ ಮಗಾ," ಎಂದರು ಅತ್ತೆ. "ಅಪ್ಪನ ಮೂಗು, ಅಮ್ಮನ ಹೊಟ್ಟೆ ಬಂದಿದೆ ನಿನಗೆ."

ಅವನು ಪುಡಿ ಕಲಸಿ ಕುಡಿದ. ಉರಿ ತಣ್ಣಗಾಯಿತು. ಮಾತು ಅಲ್ಲಿಗೆ ಮುಗಿಯಿತು. ಆ ಮನೆಯಲ್ಲಿ ಹೊಟ್ಟೆ ಉಬ್ಬಿದರೂ ಗ್ಯಾಸ್, ಉರಿದರೂ ಗ್ಯಾಸ್, ತಲೆ ತಿರುಗಿದರೂ ಗ್ಯಾಸ್. ಒಂದೇ ಮಾತಿನೊಳಗೆ ಎಲ್ಲ ಕಾಯಿಲೆಯನ್ನೂ ತುರುಕಿಬಿಟ್ಟಿದ್ದರು.

ಒಂದು ಸಂಜೆ ಅತ್ತೆಯ ಹೊಟ್ಟೆ ಜೋರಾಗಿ ಉಬ್ಬಿತು. ಮಧ್ಯಾಹ್ನ ಪಕ್ಕದ ಮನೆಯವರು ಕೊಟ್ಟ ಕರಿದ ತಿಂಡಿಯನ್ನು ರುಚಿಯಾಗಿದೆ ಎಂದು ಇಷ್ಟಿಷ್ಟೇ ಅನ್ನುತ್ತ ಪೂರ್ತಿ ತಿಂದು ಮಲಗಿದ್ದರು. ಎದ್ದಾಗ ಎದೆಯವರೆಗೆ ಹುಳಿ, ಉಸಿರುಸಿರಿಗೂ ತೇಗು.

"ನನ್ನ ಕತೆ ಮುಗೀತು. ನನ್ನ ಅಕ್ಕನೂ ಹೀಗೇ ಹೊಟ್ಟೆ ಹಿಡಕೊಂಡೇ ಹೋದಳು. ಒಳಗೆ ಗಡ್ಡೆ ಬೆಳೆದಿತ್ತಂತೆ, ಯಾರಿಗೂ ಗೊತ್ತೇ ಆಗಲಿಲ್ಲ," ಎಂದು ಗೋಡೆಗೆ ಒರಗಿ ಕೂತು ಅಳತೊಡಗಿದರು.

ಸೊಸೆ ಅರ್ಧ ಹೊಲಿದ ಅಂಗಿಯನ್ನು ಯಂತ್ರದಲ್ಲೇ ಬಿಟ್ಟು ಓಡಿ, ಬೀದಿಯ ಕೊನೆಯ ಮನೆಯ ನರ್ಸಕ್ಕನನ್ನು ಕರೆತಂದಳು. ನರ್ಸಕ್ಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುವವಳು. ಆಗಷ್ಟೇ ಡ್ಯೂಟಿ ಮುಗಿಸಿ ಬಂದಿದ್ದಳು. ಬಂದವಳೇ ಅತ್ತೆಯ ನಾಡಿ ಹಿಡಿದಳು, ರಕ್ತದೊತ್ತಡ ನೋಡಿದಳು, ಹೊಟ್ಟೆ ಮೆಲ್ಲಗೆ ಒತ್ತಿದಳು.

"ಎದೆ ಹಿಂಡಿದ ಹಾಗೆ ಆಗುತ್ತಾ ಅಮ್ಮ? ಎಡಗೈಗೆ, ದವಡೆಗೆ ನೋವು ಹರಿಯುತ್ತಾ? ಮೈ ಬೆವರುತ್ತಾ?"

"ಅದೆಲ್ಲ ಏನಿಲ್ಲಮ್ಮ. ಹೊಟ್ಟೆ ಮಾತ್ರ ಡೋಲು."

"ವಾಂತಿ? ನುಂಗೋಕೆ ಕಷ್ಟ? ಮಲದಲ್ಲಿ ರಕ್ತ, ಇಲ್ಲಾ ಮಲ ಕಪ್ಪಾಗಿ ಹೋಗೋದು?"

"ಇಲ್ಲಪ್ಪ."

"ತೂಕ ಇಳಿದಿದೆಯಾ?"

ಅತ್ತೆ ಅಳುವನ್ನು ನಿಲ್ಲಿಸಿ ಸೊಸೆಯ ಮುಖ ನೋಡಿದರು. ಸೊಸೆ ತುಟಿ ಕಚ್ಚಿ ಹೇಳಿದಳು: "ಹೋದ ತಿಂಗಳಷ್ಟೇ ರವಿಕೆ ಬಿಚ್ಚಿ ಅಗಲ ಮಾಡಿಕೊಟ್ಟಿದ್ದೀನಿ, ಅಕ್ಕ."

ನರ್ಸಕ್ಕ ನಕ್ಕಳು. "ರಾತ್ರಿ ಊಟ ಎಷ್ಟು ಹೊತ್ತಿಗೆ ಅಮ್ಮ?"

"ಮಗ ಶೆಡ್ಡಿಂದ ಬರೋವರೆಗೂ ಕಾಯ್ತೀನಮ್ಮ. ಹೆತ್ತ ಕರುಳು, ಒಬ್ಬಳೇ ಹ್ಯಾಗೆ ಉಣ್ಣಲಿ? ಉಂಡ ತಕ್ಷಣ ಮಲಗ್ತೀನಿ."

"ಅಗಿದು ಉಣ್ತೀರಾ?"

"ಅಗಿಯೋಕೆ ಹಲ್ಲೆಲ್ಲಿದೆ? ಮುಂದೆ ನಾಲ್ಕು ಇವೆ, ಫೋಟೋಕ್ಕೆ."

"ನೋಡಿ ಅಮ್ಮ, ಹೊಟ್ಟೆ ಒಂದು ಚೀಲ ಅಂದ್ಕೊಳ್ಳಿ. ಬಾಯಿತನಕ ತುಂಬಿಸಿ ಅಡ್ಡ ಮಲಗಿಸಿದ್ರೆ ಏನಾಗುತ್ತೆ? ಒಳಗಿನ ಹುಳಿ ಗಂಟಲಿಗೆ ಬರುತ್ತೆ. ಮಗನಿಗೆ ಕಾಯಬೇಡಿ, ಹೊತ್ತಿಗೆ ಸರಿಯಾಗಿ ಉಣ್ಣಿ. ಮಲಗೋಕೂ ಊಟಕ್ಕೂ ಎರಡು ಮೂರು ಗಂಟೆ ಅಂತರ ಇರಲಿ. ಒಂದೇ ಸಲ ರಾಶಿ ತಿನ್ನೋ ಬದಲು ಸ್ವಲ್ಪ ಸ್ವಲ್ಪ, ಮೆತ್ತಗೆ ಬೇಯಿಸಿದ್ದನ್ನು ನಿಧಾನವಾಗಿ ತಿನ್ನಿ. ಕರಿದದ್ದು, ಖಾರದ್ದು ಯಾವುದು ತಿಂದರೆ ಹೀಗಾಗುತ್ತೆ ಅಂತ ನಿಮಗೇ ಗೊತ್ತಾಗುತ್ತೆ. ಅದಕ್ಕೆ ಕೈ ಹಾಕಬೇಡಿ. ಟೀ ಕಡಿಮೆ ಮಾಡಿ. ಉಂಡಮೇಲೆ ಅಂಗಳದಲ್ಲಿ ನಾಲ್ಕು ಹೆಜ್ಜೆ ಓಡಾಡಿ. ಮಂಚದ ತಲೆಕಡೆ ಕಾಲಿಗೆ ಮರದ ತುಂಡು ಕೊಟ್ಟು ಎತ್ತರ ಮಾಡಿಸಿ, ಬಡಗಿಯ ಮನೆ, ಅದಕ್ಕೇನು ಬರ."

"ಪುಡಿ?"

"ಯಾವಾಗಲೋ ಒಮ್ಮೆ ಸರಿ. ದಿನಾ ಬೇಡ. ಅದರಲ್ಲಿ ಉಪ್ಪಿನ ಅಂಶ ಇದೆ, ನಿಮಗೆ ಬಿಪಿ ಬೇರೆ. ಮತ್ತೆ ನಿಮ್ಮ ವಯಸ್ಸಿಗೆ ಈ ತೊಂದರೆ ಹೀಗೆ ಮುಂದುವರಿಯೋದನ್ನ ನೋಡ್ಕೊಂಡು ಕೂರಬಾರದು. ಒಂದ್ಸಲ ಡಾಕ್ಟರಿಗೆ ತೋರಿಸೇಬಿಡಿ. ಹೆದರಿಕೆಯೂ ಹೋಗುತ್ತೆ."

ಅಷ್ಟು ಹೊತ್ತಿಗೆ ಬಡಗಿ ಹಿಂಬಾಗಿಲಿನಿಂದ ಒಳಗೆ ಬಂದ. ಶೆಡ್ಡಿನಿಂದ ಅಡುಗೆಮನೆಗೆ ಒಂದೇ ಒಂದು ಮೆಟ್ಟಿಲು. ಅದನ್ನು ಹತ್ತಿ ಅವನು ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟ. ಬಾಯಿಂದ ಉಸಿರು ಬಿಡುತ್ತಿದ್ದ. ಮರದ ಹೊಟ್ಟು ಮೆತ್ತಿದ ಮುಖ ಹೇಗೂ ಬಿಳಿ. ಮನೆಯವರಿಗೆ ವಿಶೇಷ ಏನೂ ಕಾಣಲಿಲ್ಲ. ನರ್ಸಕ್ಕ ಮಾತ್ರ ಅತ್ತೆಯ ಕೈ ಬಿಟ್ಟು ಅವನನ್ನೇ ನೋಡಿದಳು.

"ತಮ್ಮಾ, ಬಾ ಇಲ್ಲಿ. ಕಣ್ಣು ತೋರಿಸು."

"ನನಗೇನಾಗಿದೆ ಅಕ್ಕ? ಅಮ್ಮನ್ನ ನೋಡಿ."

"ಅಮ್ಮನ್ನ ನೋಡಿದ್ದಾಯ್ತು." ಅವಳು ಎದ್ದು ಅವನ ಕೆಳರೆಪ್ಪೆ ಎಳೆದಳು. ಒಳಗೆ ಕೆಂಪಿನ ಸುಳಿವೇ ಇರಲಿಲ್ಲ. "ನೋವಿನ ಮಾತ್ರೆ ಏನಾದ್ರೂ ತಗೊಳ್ತಿದ್ದೀಯಾ?"

"ಮಂಡಿಗೆ ಒಂದೊಂದು... ಅದೇನು ದೊಡ್ಡ ಮಾತ್ರೆ ಅಲ್ಲ. ಎಲ್ರೂ ತಗೊಳ್ಳೋದೇ."

"ಊಟ ಆದಮೇಲಾ, ಮುಂಚೇನಾ?"

ಅವನು ನೀರಿನ ಕೊಡದ ಕಡೆ ತಿರುಗಿದ. ಸೊಸೆಯೇ ಹೇಳಿದಳು: "ಬರೀ ಟೀ ಜೊತೆ ಅಕ್ಕ, ಬೆಳಬೆಳಿಗ್ಗೆ."

"ಮಲ ಕಪ್ಪಾಗಿ ಹೋಗುತ್ತಾ?"

ಬಡಗಿಯ ಮುಖ ಬಿಗಿಯಿತು. "ಏನಕ್ಕ ನೀವು! ತಾಯಿ, ಹೆಂಡತಿ ಮುಂದೆ ಕೇಳೋ ಮಾತಾ ಇದು? ಏನೂ ಇಲ್ಲ. ಸರಿಯಾಗೇ ಇದೆ. ಗ್ಯಾಸ್ ಅಷ್ಟೇ." ಅವನು ನೀರು ಕುಡಿದು ಮತ್ತೆ ಶೆಡ್ಡಿಗೆ ಇಳಿದುಹೋದ. ಒಂದು ನಿಮಿಷಕ್ಕೆ ಗರಗಸ ಕಿರುಚತೊಡಗಿತು.

ನರ್ಸಕ್ಕ ಹೊರಡುವಾಗ ಸೊಸೆಯನ್ನು ಗೇಟಿನವರೆಗೆ ಕರೆದುಕೊಂಡು ಹೋದಳು. ದನಿ ತಗ್ಗಿಸಿ ಹೇಳಿದಳು: "ನೋಡು ತಂಗಿ, ನಿಮ್ಮತ್ತೆದು ಗದ್ದಲದ ಹೊಟ್ಟೆ. ಅದಕ್ಕೆ ದಾರಿ ಇದೆ. ನನಗೆ ಹೆದರಿಕೆ ನಿನ್ನ ಗಂಡನ ಬಗ್ಗೆ. ಆ ಮಾತ್ರೆ ಇವತ್ತಿಂದಲೇ ನಿಲ್ಲಿಸು. ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಕರ್ಕೊಂಡು ಬಾ. ಆದ್ರೆ ಮಲ ಡಾಂಬರಿನ ಹಾಗೆ ಕಪ್ಪಾಗಿ, ಅಂಟಂಟಾಗಿ, ಕೆಟ್ಟ ವಾಸನೆ ಬಂದ್ರೆ, ಇಲ್ಲಾ ರಕ್ತ ವಾಂತಿ ಆದ್ರೆ, ತಲೆ ಸುತ್ತಿ ಬಿದ್ರೆ, ನಾಳೆ ತನಕ ಕಾಯಬೇಡ. ಒಳಗೆ ರಕ್ತ ಸೋರ್ತಿದೆ ಅಂತ ಅರ್ಥ."

"ಅಯ್ಯೋ ಅಕ್ಕ, ಅವರು ಒಪ್ಪೋದೇ ಇಲ್ಲ."

"ಒಪ್ಪಿಸು. ಜಗಳ ಆದ್ರೂ ಪರವಾಗಿಲ್ಲ."

ಜಗಳ ಆಯಿತು. ಊಟಕ್ಕೆ ಕೂತಾಗ ಸೊಸೆ ಮಾತ್ರೆಯ ಪಟ್ಟಿ ಕೊಡಿ ಎಂದಳು. ಅವನು ಜೇಬಿನ ಮೇಲೆ ಕೈ ಇಟ್ಟುಕೊಂಡ.

"ಮಾತ್ರೆ ಬಿಟ್ರೆ ನಾಳೆ ಏಳೋಕೇ ಆಗಲ್ಲ. ಬೆಂಚು ಯಾರು ಮುಗಿಸ್ತಾರೆ, ನೀನಾ?"

"ಬೆಂಚು ಒಂದು ದಿನ ತಡವಾದ್ರೆ ಶಾಲೆ ಬಿದ್ದುಹೋಗಲ್ಲ. ನಾಳೆ ಆಸ್ಪತ್ರೆಗೆ ಹೋಗೋಣ."

"ನಾಳೆ ಗಾಡಿ ಮತ್ತೆ ಬರುತ್ತೆ. ಎಲ್ಲಾ ಸಾಗಿಸಿ ಆಮೇಲೆ ನೋಡೋಣ. ಸುಮ್ನೆ ಇರೋ ಹೊಟ್ಟೆ ಉರಿಗೆ ನೀವೆಲ್ಲ ಸೇರಿ ಇನ್ನಷ್ಟು ಉರಿ ಹಚ್ಚಬೇಡಿ."

"ನಿಜ ಹೇಳಿ. ಕಪ್ಪಾಗಿ ಹೋಗ್ತಿದೆಯಾ?"

"ಇಲ್ಲ ಅಂದೆನಲ್ಲ!" ಅವನು ತಟ್ಟೆ ತಳ್ಳಿ ಎದ್ದ.

ಅವನು ಹೀಗೆ ರೇಗಿದ್ದನ್ನು ಅವಳು ಕಂಡಿರಲಿಲ್ಲ. ಒಲ್ಲದ ಮಾತಿಗೆ ನಕ್ಕು ಸುಮ್ಮನಾಗುವ ಮನುಷ್ಯ. ರೇಗಿದ್ದಕ್ಕೇ ಅವಳ ಅನುಮಾನ ಗಟ್ಟಿಯಾಯಿತು.

ಬೆಳಿಗ್ಗೆ ಅವಳು ಅವನ ಮೇಲೆ ಕಣ್ಣಿಟ್ಟಳು. ಇದೆಂಥ ಕೆಲಸ ಎಂದು ಅವಳಿಗೇ ನಾಚಿಕೆಯಾಯಿತು. ಅವನು ಪಾಯಿಖಾನೆಯಿಂದ ಹೊರಗೆ ಬಂದು, ಗೋಡೆಗೆ ಕೈಯೂರಿ ಸ್ವಲ್ಪ ಹೊತ್ತು ನಿಂತು, ಶೆಡ್ಡಿನ ಕಡೆ ಹೋದ. ಅವನು ಮರೆಯಾದ ಕೂಡಲೇ ಅವಳು ಒಳಗೆ ಹೋದಳು. ಬಾಗಿಲಲ್ಲೇ ವಾಸನೆ ಮುಖಕ್ಕೆ ಹೊಡೆಯಿತು. ಎಂದಿನ ವಾಸನೆಯಲ್ಲ; ಕೊಳೆತ ರಕ್ತದ್ದೇನೋ ಎಂಬಂತಹ ಗಬ್ಬು. ಬಕೆಟ್ಟು ನೀರು ಸುರಿದಿದ್ದರೂ ಬಿಳಿ ಕಲ್ಲಿನ ಅಂಚಿಗೆ ಕಪ್ಪಗೆ, ಜಿಡ್ಡಾಗಿ ಅಂಟಿಕೊಂಡಿತ್ತು. ಅವಳು ಇನ್ನೊಂದು ಚೊಂಬು ನೀರು ಹಾಕಿದಳು. ಅದು ಜಾರಲಿಲ್ಲ.

ಆಗಲೇ ಅವಳ ಕಿವಿಗೆ ಗರಗಸ ಕೇಳಿಸಿತು. ಯಂತ್ರ ಶುರುವಾಗಿತ್ತು. ದನಿ ಏರಿತು. ಇಳಿಯಬೇಕಿತ್ತು, ಇಳಿಯಲಿಲ್ಲ. ಒಂದೇ ಸಮನೆ, ತೆಳ್ಳಗೆ, ಎತ್ತರದ ದನಿಯಲ್ಲಿ ಕೂಗುತ್ತಲೇ ಇತ್ತು. ಮರ ತಾಗದೆ ಗರಗಸ ಸುಮ್ಮನೆ ತಿರುಗುತ್ತಿತ್ತು. ಕರೆಂಟು ದಂಡ ಎಂದು ಒಂದು ಕ್ಷಣವೂ ಅದನ್ನು ಖಾಲಿ ಓಡಿಸದವನು ಯಾಕೆ ಹೀಗೆ ಬಿಟ್ಟಿದ್ದಾನೆ?

ಅವಳು ಚೊಂಬು ಎಸೆದು ಓಡಿದಳು.

ಬಡಗಿ ಯಂತ್ರದ ಎದುರು ನಿಂತಿದ್ದ. ಎರಡೂ ಕೈಯಲ್ಲಿ ಹಲಗೆ. ಕಣ್ಣು ತೆರೆದಿತ್ತು, ಆದರೆ ಯಾವುದನ್ನೂ ನೋಡುತ್ತಿರಲಿಲ್ಲ. ಹಣೆಯಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಮೈ ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ ತೂಗುತ್ತಿತ್ತು. ಮುಂದಕ್ಕೆ ವಾಲಿದಾಗ ಅವನ ಎದೆಗೂ ಗರಗಸದ ಹಲ್ಲಿಗೂ ಒಂದು ಗೇಣು. ಪಾಲಿಶ್ ಮಾವ ಆಚೆ ಬದಿಯಲ್ಲಿ ಬೆನ್ನು ತಿರುಗಿಸಿ ಬೆಂಚು ಉಜ್ಜುತ್ತಿದ್ದ; ಯಂತ್ರದ ಸದ್ದಿನಲ್ಲಿ ಅವನಿಗೆ ಏನೂ ತಿಳಿದಿರಲಿಲ್ಲ.

ಕೂಗಿದರೆ ಗಂಡ ಬೆಚ್ಚಿ ಮುಂದಕ್ಕೆ ಬಿದ್ದಾನು. ಅವಳು ಕೂಗಲಿಲ್ಲ. ಹಿಂದಿನಿಂದ ಹೋಗಿ ಒಂದು ಕೈಯಲ್ಲಿ ಅವನ ಅಂಗಿಯ ಬೆನ್ನು ಮುಷ್ಟಿಯಲ್ಲಿ ಹಿಡಿದಳು. ಇನ್ನೊಂದು ಕೈ ಗೋಡೆಯ ಸ್ವಿಚ್ಚಿಗೆ ಚಾಚಿದಳು. ಎಟುಕಲಿಲ್ಲ. ಇನ್ನೂ ಚಾಚಿದಳು. ಬೆರಳ ತುದಿ ತಾಗಿತು. ಟಕ್. ಗರಗಸದ ದನಿ ಇಳಿಯುತ್ತ, ಇಳಿಯುತ್ತ ನಿಂತಿತು. ಆ ಮೌನದಲ್ಲಿ ಹಲಗೆ ದಡಾರನೆ ಬಿತ್ತು. ಹಿಂದೆಯೇ ಅವನು ಅವಳ ಮೈಮೇಲೆ ಕುಸಿದ.

"ಮಾವಾ!" ಎಂದು ಅವಳು ಆಗ ಕಿರುಚಿದಳು.

ಇಬ್ಬರೂ ಸೇರಿ ಅವನನ್ನು ನೆಲದ ಮೇಲೆ ಮಲಗಿಸಿದರು. ಸದ್ದು ಕೇಳಿ ಅತ್ತೆಯೂ ಓಡಿಬಂದರು. ಬಡಗಿಗೆ ಎಚ್ಚರ ಬಂತು, ಆದರೆ ತುಟಿ ಬೂದಿಯ ಬಣ್ಣ.

"ಏನಿಲ್ಲ ಏನಿಲ್ಲ, ಬೆಳಿಗ್ಗೆ ಏನೂ ತಿಂದಿಲ್ಲ, ಗ್ಯಾಸ್ ತಲೆಗೇರಿದೆ," ಎಂದ ಪಾಲಿಶ್ ಮಾವ. "ಒಂದು ಸೋಡಾ ತಂದು ಕುಡಿಸಿ. ಎರಡು ತೇಗು ಬಂದ್ರೆ ಎದ್ದು ಕೂರ್ತಾನೆ."

"ನನ್ನ ಪುಡಿ ತರ್ತೀನಿ," ಎಂದು ಅತ್ತೆ ತಿರುಗಿದರು.

"ಬೇಡ ಅತ್ತೆ!" ಸೊಸೆಯ ದನಿಗೆ ಅತ್ತೆ ಅಲ್ಲೇ ನಿಂತರು. ಈ ಮನೆಗೆ ಬಂದಂದಿನಿಂದ ಅವಳು ಅತ್ತೆಗೆ ಹಾಗೆ ಎದುರಾಡಿದ್ದಿಲ್ಲ. "ಬಾಯಿಗೆ ಏನೂ ಹಾಕಬೇಡಿ. ಗ್ಯಾಸ್ ಅಲ್ಲ ಇದು. ಒಳಗೆ ರಕ್ತ ಹೋಗ್ತಿದೆ. ನಾನೇ ನೋಡಿದೆ ಈಗ."

"ರಕ್ತಾನಾ? ಎಲ್ಲಿದೆ ರಕ್ತ?" ಪಾಲಿಶ್ ಮಾವ ನೆಲವನ್ನೆಲ್ಲ ನೋಡಿದ.

"ಕಾಣೋದಿಲ್ಲ ಮಾವ. ಕಪ್ಪಾಗಿ ಹೋಗುತ್ತೆ."

ಅವಳು ಗಂಡನನ್ನು ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿದಳು. ನರ್ಸಕ್ಕನಿಗೆ ಫೋನ್ ಮಾಡಿದಳು. "ಕೂತ್ಕೊಂಡು ಯೋಚಿಸ್ಬೇಡ," ಎಂದಳು ನರ್ಸಕ್ಕ. "ಆಂಬುಲೆನ್ಸಿಗೆ ಹೇಳು. ಅದು ಬರೋದು ತಡ ಅಂದ್ರೆ ಕೈಗೆ ಸಿಕ್ಕ ಗಾಡಿ ಹತ್ತಿಸು. ಮಾತ್ರೆ ಪಟ್ಟಿ ಜೊತೆಗೆ ತಾ. ನಾನು ದೊಡ್ಡಾಸ್ಪತ್ರೆಗೆ ಫೋನ್ ಮಾಡಿರ್ತೀನಿ."

ಆಂಬುಲೆನ್ಸು ಬೇರೆ ಕಡೆ ಹೋಗಿತ್ತು, ಬರುವುದು ತಡ ಎಂದರು. ಅಷ್ಟರಲ್ಲಿ ಗೇಟಿನ ಹೊರಗೆ ಹಾರ್ನ್ ಕೇಳಿಸಿತು. ಬೆಂಚು ಸಾಗಿಸುವ ಗಾಡಿ ಬಂದಿತ್ತು. ಹಿಂದಿನ ದಿನವೇ ಅರ್ಧದಷ್ಟು ಬೆಂಚುಗಳನ್ನು ಅದರಲ್ಲಿ ಏರಿಸಿಟ್ಟಿದ್ದರು; ಅವು ಇನ್ನೂ ಅದರಲ್ಲೇ ಇದ್ದವು.

"ಬೆಂಚು ಇಳಿಸಿ," ಎಂದಳು ಸೊಸೆ.

ಮಗ್ಗುಲಾಗಿ ಮಲಗಿದ್ದ ಬಡಗಿ ಕಣ್ಣು ಬಿಟ್ಟ. "ಇಳಿಸಬೇಡಿ... ಮೊದಲು ಶಾಲೆಗೆ ಕೊಟ್ಟು ಬರಲಿ. ನಾನು ಮಾತು ಕೊಟ್ಟಿದ್ದೀನಿ."

ಗಾಡಿಯವನು ಯಾರ ಮಾತು ಕೇಳುವುದೆಂದು ತಿಳಿಯದೆ ನಿಂತ. ಸೊಸೆ ಗಾಡಿಯ ಹಿಂಬಾಗಿಲು ತೆಗೆದು ತಾನೇ ಒಂದು ಬೆಂಚಿನ ಕಾಲು ಹಿಡಿದು ಎಳೆದಳು. ಅದು ರಸ್ತೆಗೆ ಬಿದ್ದು ಹೊಸ ಪಾಲಿಶ್ ಕೆತ್ತಿಹೋಯಿತು. ತಾನು ಹಚ್ಚಿದ ಪಾಲಿಶ್ಶಿಗೆ ಯಾರ ಉಗುರು ತಾಗಿದರೂ ಬೈಯುವ ಪಾಲಿಶ್ ಮಾವ ಒಂದೂ ಮಾತಾಡದೆ ಬಂದು ಇನ್ನೊಂದು ಬೆಂಚಿಗೆ ಕೈ ಹಾಕಿದ.

ದಾರಿಯಲ್ಲಿ ಬಡಗಿ ವಾಂತಿ ಮಾಡಿಕೊಂಡ. ಕಾಫಿ ಪುಡಿಯ ಚರಟದ ಹಾಗೆ ಕಂದುಗಪ್ಪು ಬಣ್ಣ. ಅತ್ತೆ ತಮ್ಮ ಸೀರೆಯ ಸೆರಗಿನಲ್ಲಿ ಅವನ ಬಾಯಿ ಒರೆಸಿದರು. ಬಟ್ಟೆಯ ಮೇಲೆ ಅದರ ಅಂಚು ಕೆಂಪಾಗಿ ಹರಡಿತು. ಆಗ ಅವರಿಗೂ ಅರ್ಥವಾಯಿತು. "ಬೇಗ ಹೋಗಪ್ಪ, ಬೇಗ," ಎಂದು ಗಾಡಿಯವನ ಬೆನ್ನಿಗೆ ಹೇಳುತ್ತಲೇ ಇದ್ದರು. ಮಗನ ತಲೆಯನ್ನು ತೊಡೆಯ ಮೇಲಿಂದ ಜಾರಗೊಡಲಿಲ್ಲ.

ಆಸ್ಪತ್ರೆಯಲ್ಲಿ ಅವನನ್ನು ಸ್ಟ್ರೆಚರಿನ ಮೇಲೆ ಮಲಗಿಸಿ ಒಳಗೆ ಕೊಂಡೊಯ್ದರು. ಎರಡೂ ಕೈಗೆ ಸೂಜಿ, ಒಂದರಲ್ಲಿ ಡ್ರಿಪ್, ಒಂದರಲ್ಲಿ ರಕ್ತ. ಡಾಕ್ಟರಮ್ಮ ಹೊರಬಂದು ಏನೇನು ಮಾತ್ರೆ ತಗೊಳ್ತಿದ್ರು ಎಂದು ಕೇಳಿದರು. ಸೊಸೆ ಅವನ ಜೇಬಿನಿಂದ ತೆಗೆದು ತಂದಿದ್ದ ಪಟ್ಟಿ ಕೊಟ್ಟಳು. ಡಾಕ್ಟರಮ್ಮ ಅದನ್ನು ತಿರುಗಿಸಿ ನೋಡಿ ತಲೆಯಾಡಿಸಿದರು.

"ಬಾಯಿಂದ ಕ್ಯಾಮೆರಾ ಇರೋ ಕೊಳವೆ ಇಳಿಸಿ ನೋಡ್ತೀವಿ. ರಕ್ತ ಎಲ್ಲಿಂದ ಬರ್ತಿದೆಯೋ ಅಲ್ಲೇ ನಿಲ್ಲಿಸೋಕೆ ಪ್ರಯತ್ನ ಮಾಡ್ತೀವಿ. ತುಂಬಾ ರಕ್ತ ಹೋಗಿದೆ. ಈಗಲೇ ಏನೂ ಹೇಳೋಕಾಗಲ್ಲ."

ಬಾಗಿಲು ಮುಚ್ಚಿತು. ಅದರ ಮೇಲಿನ ಕೆಂಪು ದೀಪ ಹತ್ತಿತು. ಅತ್ತೆ ಸೊಸೆ ಇಬ್ಬರೂ ಎದುರಿನ ಕಬ್ಬಿಣದ ಕುರ್ಚಿಯಲ್ಲಿ ಕೂತರು. ಫಿನಾಯಿಲ್ ವಾಸನೆ. ಯಾರದೋ ಮಗು ಅಳುತ್ತಿತ್ತು. ಅತ್ತೆಗೆ ಬೆಳಗಿನಿಂದ ಒಂದು ತೇಗೂ ಬಂದಿರಲಿಲ್ಲ. ಅದನ್ನು ಇಬ್ಬರೂ ಗಮನಿಸಿರಲಿಲ್ಲ.

ಅತ್ತೆ ಹೇಳಿದರು: "ನನ್ನ ಹೊಟ್ಟೆಯ ಗಲಾಟೆಯಲ್ಲಿ ಅವನ ಹೊಟ್ಟೆ ಯಾರಿಗೂ ಕೇಳಿಸಲೇ ಇಲ್ಲ ಕಣೇ. ನಾನೇ ಪುಡಿ ಕುಡಿಸಿದೆ. ಉರಿ ಆರಿತು ಅಂದ್ಕೊಂಡೆ."

ಸೊಸೆಗೆ ಸಿಟ್ಟಿತ್ತು: ಗಂಡನ ಮೇಲೆ, ಆ ಮಾತ್ರೆಯ ಮೇಲೆ, ತಟ್ಟೆಯಲ್ಲಿ ಉಳಿಯುತ್ತಿದ್ದ ಅನ್ನವನ್ನು ದಿನಾ ನೋಡಿಯೂ ಸುಮ್ಮನಿದ್ದ ತನ್ನ ಮೇಲೆ. ಅವಳು ಅತ್ತೆಯ ಕೈಯನ್ನು ಹಿಡಿದುಕೊಂಡಳು.

ಕೆಂಪು ದೀಪ ಆರಿತು. ಡಾಕ್ಟರಮ್ಮ ಮುಖದ ಮಾಸ್ಕು ಕೆಳಗೆ ಸರಿಸಿದರು.

"ರಕ್ತ ನಿಂತಿದೆ."

ಅತ್ತೆ ಕುರ್ಚಿಯಲ್ಲೇ ಕೂತು ಅತ್ತರು.

"ಹೊಟ್ಟೆಯ ಒಳಗೋಡೆಯಲ್ಲಿ ಹುಣ್ಣಾಗಿದೆ," ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. "ಒಳಗಿನ ಹುಳಿ ತಾಗದ ಹಾಗೆ ಹೊಟ್ಟೆಗೆ ಒಂದು ಪದರ ಇರುತ್ತೆ. ಈ ನೋವಿನ ಮಾತ್ರೆ ದಿನಾ ತಿಂದ್ರೆ ಆ ಪದರ ಕೆಡುತ್ತೆ. ಇವರ ಹುಣ್ಣು ಆಳಕ್ಕಿಳಿದು ಒಂದು ರಕ್ತನಾಳವನ್ನೇ ತೂತು ಮಾಡಿತ್ತು. ಪುಡಿ ಕುಡಿದಾಗ ಉರಿ ಕಡಿಮೆ ಆಗುತ್ತೆ, ಹುಣ್ಣು ವಾಸಿ ಆಗಲ್ಲ. ಒಂದು ಬಗೆಯ ಕ್ರಿಮಿಯಿಂದಲೂ ಇಂಥ ಹುಣ್ಣಾಗುತ್ತೆ, ಅದಕ್ಕೂ ಪರೀಕ್ಷೆಗೆ ಕಳಿಸಿದ್ದೀವಿ. ಇದ್ರೆ ಔಷಧಿ ಕೊಡ್ತೀವಿ, ಹೋಗುತ್ತೆ. ಇನ್ನೂ ತಡ ಮಾಡಿದ್ದಿದ್ರೆ..." ಅವರು ಮಾತು ಮುಗಿಸಲಿಲ್ಲ. "ಕರ್ಕೊಂಡು ಬಂದದ್ದು ಒಳ್ಳೇದಾಯ್ತು."

ಮಾರನೇ ದಿನ ಬಡಗಿಯನ್ನು ವಾರ್ಡಿಗೆ ತಂದರು. ಸೊಸೆ ಮಂಚದ ಪಕ್ಕ ಸ್ಟೂಲಿನಲ್ಲಿ ಕೂತು ಅವನ ಮುಖ ನೋಡಿದಳು. ತುಟಿಗೆ ಸ್ವಲ್ಪ ಬಣ್ಣ ಬಂದಿತ್ತು.

"ಎಷ್ಟು ದಿನದಿಂದ ಕಪ್ಪಾಗಿ ಹೋಗ್ತಿತ್ತು?"

ಅವನು ಗೋಡೆಯ ಕಡೆ ನೋಡಿದ. "ಕೆಲವು ದಿನ ಆಯ್ತು."

"ನನಗೆ ಯಾಕೆ ಹೇಳಲಿಲ್ಲ?"

"ಮನೇಲಿ ಒಂದು ಹೊಟ್ಟೆ ಗಲಾಟೆಯೇ ಸಾಕಾಗಿತ್ತಲ್ಲ. ಇನ್ನೊಂದು ಯಾಕೆ ಅಂತ." ಈ ಸಲ ಅವಳ ಕಡೆ ತಿರುಗಿ ಹೇಳಿದ: "ದೊಡ್ಡಮ್ಮನ ಕತೆ ಕೇಳಿ ಕೇಳಿ ಬೆಳೆದವನು ನಾನು. ಹೋಗಿ ತೋರಿಸಿದ್ರೆ ಗಡ್ಡೆ ಅಂದುಬಿಡ್ತಾರೇನೋ ಅಂತ ಭಯ. ಗೊತ್ತಾಗದೇ ಇದ್ರೆ ಇಲ್ಲ ಅಂತಲೇ ಅಲ್ವಾ ಅಂದ್ಕೊಂಡೆ."

"ಆ ಗರಗಸದ ಮುಂದೆ ನೀವು ನಿಂತಿದ್ದು ನೋಡಿದೆನಲ್ಲ, ನನ್ನ ಭಯ ಯಾರಿಗೆ ಹೇಳಲಿ?" ಎಂದಳು ಅವಳು. ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು. ಅವನು ಸೂಜಿ ಚುಚ್ಚಿದ ಕೈಯನ್ನೇ ನಿಧಾನವಾಗಿ ಎತ್ತಿ ಅವಳ ತಲೆಯ ಮೇಲಿಟ್ಟ.

ಪಾಲಿಶ್ ಮಾವ ನೋಡಲು ಬಂದ. ಅವತ್ತು ನರ್ಸಕ್ಕನೂ ಅಲ್ಲೇ ಇದ್ದಳು.

"ನಾನು ಕೊಟ್ಟ ಮಾತ್ರೆಯಿಂದಲೇ ಹೀಗಾಯ್ತಲ್ಲಮ್ಮ. ನಾನು ವರ್ಷಗಟ್ಟಲೆಯಿಂದ ನುಂಗ್ತಿದ್ದೀನಿ, ನನಗೇನೂ ಆಗಿಲ್ಲವಲ್ಲ?"

"ನಿಮಗೆ ಆಗಿಲ್ಲ ಅಂತ ಗೊತ್ತಾಗೋದು ಹ್ಯಾಗೆ ಮಾವ? ಹೊಟ್ಟೆ ಉರಿ ಇಲ್ವಾ?"

"ಉರಿ... ಯಾರಿಗಿಲ್ಲ ಹೇಳಮ್ಮ. ಗ್ಯಾ..." ಎನ್ನಲು ಹೊರಟವನು ಬಾಯಿ ಮುಚ್ಚಿಕೊಂಡ. ಮಂಚದಲ್ಲಿದ್ದ ಬಡಗಿಗೆ ನಗು ಬಂತು. ನಕ್ಕರೆ ಹೊಟ್ಟೆ ನೋಯುತ್ತದೆಂದು ತಡೆದುಕೊಂಡ. ಅದೇ ದಿನ ಪಾಲಿಶ್ ಮಾವ ಹೊರರೋಗಿ ವಿಭಾಗದ ಸಾಲಿನಲ್ಲಿ ನಿಂತ. ಅತ್ತೆಯೂ ಅವನ ಹಿಂದೆ ನಿಂತರು.

ಅತ್ತೆಯನ್ನು ಪರೀಕ್ಷೆ ಮಾಡಿದರು. ಗಡ್ಡೆ ಇರಲಿಲ್ಲ, ಹುಳಿ ಮೇಲೆ ಬರುವ ತೊಂದರೆ ಅಷ್ಟೇ. ಈಗ ಅವರು ಕತ್ತಲಾಗುತ್ತಿದ್ದಂತೆಯೇ ಉಂಡು ಅಂಗಳದಲ್ಲಿ ಓಡಾಡುತ್ತಾರೆ. ತೇಗು ಪೂರಾ ಹೋಗಿಲ್ಲ, ಆದರೆ ಬೀದಿಗೆ ಕೇಳಿಸುವಷ್ಟಿಲ್ಲ. ಬಡಗಿ ಡಾಕ್ಟರು ಹೇಳಿದಷ್ಟು ದಿನವೂ ಹುಣ್ಣಿನ ಔಷಧಿ ತಪ್ಪದೆ ತೆಗೆದುಕೊಂಡ. ಮಂಡಿಗೆ ಬೇರೆ ಚಿಕಿತ್ಸೆ, ವ್ಯಾಯಾಮ ಹೇಳಿಕೊಟ್ಟಿದ್ದಾರೆ. ಕುಕ್ಕರಗಾಲಲ್ಲಿ ಕೂರದೆ ನಿಂತೇ ಕೆಲಸ ಮಾಡುವಂತೆ ಸೊಂಟದ ಎತ್ತರಕ್ಕೆ ಒಂದು ಮೇಜು ಮಾಡಿಕೊಂಡಿದ್ದಾನೆ. ಶಾಲೆಯ ಬೆಂಚುಗಳು ತಡವಾಗಿ ತಲುಪಿದವು. ಮೊದಲ ಕೆಲವು ದಿನ ಮಕ್ಕಳು ನೆಲದ ಮೇಲೆ ಕೂತು ಪಾಠ ಕೇಳಿದರು. ಅದರಿಂದ ಯಾರಿಗೂ ಏನೂ ಆಗಲಿಲ್ಲ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ,

ಉಂಡಮೇಲೆ ಹೊಟ್ಟೆ ಭಾರವಾಗುವುದು, ಉಬ್ಬುವುದು, ಹುಳಿತೇಗು ಬರುವುದು ಎಲ್ಲರಿಗೂ ಆಗುತ್ತದೆ. ಹೊತ್ತಿಗೆ ಸರಿಯಾಗಿ, ಹಿತವಾಗಿ, ನಿಧಾನವಾಗಿ ಉಂಡರೆ, ಉಂಡ ಕೂಡಲೇ ಮಲಗದಿದ್ದರೆ, ಬೀಡಿ ಸಿಗರೇಟು, ಮದ್ಯ ದೂರವಿಟ್ಟರೆ ಬಹಳಷ್ಟು ಅಲ್ಲಿಗೇ ತೀರುತ್ತದೆ. ಎರಡು ವಾರವಾದರೂ ತೀರದಿದ್ದರೆ ಪುಡಿಯ ಡಬ್ಬಿ ಬದಿಗಿಟ್ಟು ಆರೋಗ್ಯ ಕೇಂದ್ರಕ್ಕೆ ಹೋಗಿ. ವಯಸ್ಸಾದವರಿಗೆ ಹೊಸದಾಗಿ ಶುರುವಾದರೆ ಎರಡು ವಾರವೂ ಕಾಯಬೇಡಿ. ಕಾರಣವಿಲ್ಲದೆ ತೂಕ ಇಳಿದರೆ, ನುಂಗಲು ಕಷ್ಟವಾದರೆ, ವಾಂತಿ ನಿಲ್ಲದಿದ್ದರೆ ಬೇಗ ತೋರಿಸಿ. ನೋವಿನ ಮಾತ್ರೆಯನ್ನು ಇನ್ನೊಬ್ಬರ ಜೇಬಿನಿಂದ ತೆಗೆದುಕೊಳ್ಳಬೇಡಿ, ನಿಮ್ಮ ಜೇಬಿನಿಂದ ಕೊಡಲೂ ಬೇಡಿ. ಊಟದ ಜೊತೆ ನುಂಗಿದರೆ ಸಾಕು ಎಂದೂ ನಂಬಿ ಕೂರಬೇಡಿ. ದಿನಾ ಬೇಕೆನಿಸಿದರೆ ಡಾಕ್ಟರನ್ನು ಕೇಳಿ. ಮಲ ಡಾಂಬರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ, ತಡೆಯಲಾರದ ನೋವು ದಿಢೀರನೆ ಬಂದರೆ, ಎದೆ ಹಿಂಡಿ ಬೆವರು ಬಂದರೆ, ತಲೆ ಸುತ್ತಿ ಬಿದ್ದರೆ ಸೋಡಾ ಹುಡುಕಬೇಡಿ, ಗಾಡಿ ಹುಡುಕಿ.

ನಿಮ್ಮ ಮನೆಯಲ್ಲೂ ನರಳುವವರೊಬ್ಬರು ಇರಬಹುದು, ನರಳದೆ ನುಂಗಿಕೊಳ್ಳುವವರೊಬ್ಬರು ಇರಬಹುದು. ನರಳುವವರನ್ನು ನೀವು ಹೇಗೂ ಕೇಳುತ್ತೀರಿ. ಇವತ್ತು ಆ ಇನ್ನೊಬ್ಬರ ಪಕ್ಕ ಹೋಗಿ ಕೂತು, ನಾಚಿಕೆ ಬಿಟ್ಟು ಕೇಳಿ: "ನಿಜ ಹೇಳು, ನಿನ್ನ ಹೊಟ್ಟೆ ಹೇಗಿದೆ?" ಅವರು ರೇಗಿದರೂ ಎದ್ದು ಬರಬೇಡಿ.